ಮೊಳೆಯ ಗುರುತು

ಎಂದಿನ ಅಭ್ಯಾಸದಲ್ಲಿ ಅವಳು ಬಚ್ಚಲಿನ ಬಾಗಿಲು ಬಡಿದು, "ಬೇಗ ಬನ್ನಿ, ರಿಹರ್ಸಲ್‌ಗೆ ತಡ ಆಗುತ್ತೆ" ಎಂದಳು. ಒಳಗೆ ನೀರಿನ ಸದ್ದು ನಿಂತಿತು. ಕೆಮ್ಮಿದ್ದು ಅತ್ತೆ.

ಅವಳ ಗಂಡನ ಅಂತ್ಯಕ್ರಿಯೆ ನಿನ್ನೆಯಷ್ಟೇ ಮುಗಿದಿತ್ತು.

ಅತ್ತೆ ಏನೂ ಕೇಳಿಸದವರಂತೆ ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದು, "ಬಿಸಿನೀರು ಇನ್ನೂ ಇದೆ, ನೀನೂ ಮುಗಿಸ್ಕೊ" ಎಂದರು. ಆಗಲೂ ಅವಳಿಗೆ ಅಳು ಬರಲಿಲ್ಲ. ಮೊನ್ನೆ ರಾತ್ರಿಯಿಂದ ಯಾರು ಏನು ಕೇಳಿದರೂ ಅತ್ತೆಯೇ ಉತ್ತರಿಸುತ್ತಿದ್ದರು. ‘ತೀರಿಕೊಂಡರು’ ಎಂಬ ಮಾತು ಇನ್ನೂ ಅವಳ ಬಾಯಿಂದ ಬಂದಿರಲಿಲ್ಲ.

ಕಾಫಿ ಕುಡಿಯುವ ಹೊತ್ತಿಗೆ ಗಂಡನ ಜೊತೆ ಪಿಟೀಲು ನುಡಿಸುತ್ತಿದ್ದ ಗೆಳೆಯ ಬಂದ. ದೊಡ್ಡ ವಾದ್ಯವೃಂದ ಅವರದ್ದು. ಅದರಲ್ಲಿ ನಾಲ್ವರು ಮಾತ್ರ ಆಗಾಗ ಬಡಾವಣೆಗಳಿಗೆ ಹೋಗಿ, ಗ್ರಂಥಾಲಯದಲ್ಲೋ ಬಸ್ ಡಿಪೋದಲ್ಲೋ ಕುರ್ಚಿ ಹಾಕಿಕೊಂಡು ನುಡಿಸಿ ಬರುತ್ತಿದ್ದರು. ಸಭಾಂಗಣದ ಮೆಟ್ಟಿಲು ಹತ್ತದವರ ಬಳಿಗೆ ಸಂಗೀತವೇ ಹೋಗಬೇಕು ಎನ್ನುವುದು ಅವಳ ಗಂಡನ ಹಟವಾಗಿತ್ತು.

"ಅತ್ತಿಗೆ, ಚೆಲ್ಲೋ..." ಎಂದು ಗೆಳೆಯ ತಡವರಿಸಿದ. "ಸಂಜೆ ಡಿಪೋದಲ್ಲಿ ಕಾರ್ಯಕ್ರಮ. ಮುಂದಕ್ಕೆ ಹಾಕೋಣ ಅಂದ್ವಿ. ಡ್ರೈವರ್‌ಗಳು ಕೇಳೋಕೆ ಅಂತ ಆಗ್ಲೇ ಡ್ಯೂಟಿ ಬದಲಾಯಿಸ್ಕೊಂಡುಬಿಟ್ಟಿದಾರೆ."

"ತಗೊಂಡು ಹೋಗಿ. ವೃಂದದ್ದೇ ಅಲ್ವಾ."

ಅವನು ಚೆಲ್ಲೋ ಎತ್ತಿದ, ನೆಲಕ್ಕೂರಿ ನುಡಿಸುವ ಆ ದೊಡ್ಡ ಪಿಟೀಲನ್ನು. ಮೊನ್ನೆ ರಾತ್ರಿ ಕಾರ್ಯಕ್ರಮ ಮುಗಿಸಿ ಬಂದು, ಮನೆಯ ಮೆಟ್ಟಿಲ ಮೇಲೆ ಕುಸಿಯುವ ಮೊದಲು ಗಂಡ ಅದನ್ನು ಪೆಟ್ಟಾಗದಂತೆ ಗೋಡೆಗೆ ಒರಗಿಸಿದ್ದ. ಮೇಲಿನ ಮನೆಯವರು ಅವನು ಸುಧಾರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡು ಪಕ್ಕದಿಂದಲೇ ದಾಟಿ ಹೋಗಿದ್ದರು.

ಚೆಲ್ಲೋ ಹೋದ ಜಾಗದಲ್ಲಿ ಒಂದು ದಪ್ಪ ಹಲಗೆ ಉಳಿಯಿತು. ಮೈತುಂಬ ಚಾಕುವಿನ ಗೀರು, ಅಂಟಿನ ಕಲೆ. ನಡುವೆ ಹೊಸದಾಗಿ ಬಿದ್ದ ಒಂದು ತೂತು.

"ಇದು ಚಪ್ಪಲಿ ರಿಪೇರಿಯವರದ್ದು" ಎಂದ ಗೆಳೆಯ. "ಮೊನ್ನೆ ಸಮುದಾಯ ಭವನದ ನೆಲ ನುಣುಪಾಗಿತ್ತು. ಚೆಲ್ಲೋದ ಕಾಲಿನ ಮೊಳೆ ನಿಲ್ತಾನೇ ಇರ್ಲಿಲ್ಲ. ಪಕ್ಕದ ಅಂಗಡಿಯಿಂದ ಇದನ್ನ ಕೇಳಿ ತಂದು, ಇದಕ್ಕೇ ಮೊಳೆ ಊರಿ ನುಡಿಸಿದ. ಮುಗಿಯೋಷ್ಟರಲ್ಲಿ ಅಂಗಡಿ ಮುಚ್ಚಿತ್ತು."

"ಕೇಳಿ ತರೋಕೆ ಮುಂದು, ವಾಪಸ್ ಕೊಡೋಕೆ ಹಿಂದು" ಎಂದರು ಅತ್ತೆ. "ಪಕ್ಕದ ಮನೆ ಏಣಿ ನಮ್ಮ ಹಿತ್ತಲಲ್ಲೇ ತುಕ್ಕು ಹಿಡೀತು." ಮೂವರೂ ನಕ್ಕರು. ನಗು ಅರ್ಧಕ್ಕೇ ನಿಂತಿತು.

ಅವಳು ತೂತಿನೊಳಗೆ ಬೆರಳಿಟ್ಟಳು. ಗಂಡ ಈ ಲೋಕದಲ್ಲಿ ಮಾಡಿದ ಕೊನೆಯ ಗುರುತು ಅದು. "ನಾನೇ ಇಟ್ಕೋತೀನಿ. ಅಂಗಡಿಯವರನ್ನ ಕೇಳ್ಕೊಂಡು ಬರ್ತೀನಿ" ಎಂದು ಹಲಗೆಯನ್ನು ಎದೆಗವಚಿಕೊಂಡು ಹೊರಟಳು.

ಅಂಗಡಿಯೆಂದರೆ ಭವನದ ಗೋಡೆಗೆ ಅಂಟಿಕೊಂಡ ಒಂದು ಗೂಡು. ಚಪ್ಪಲಿ ರಿಪೇರಿಯವನು ತೊಡೆಯ ಮೇಲೆ ರಟ್ಟು ಹರಡಿಕೊಂಡು ಚರ್ಮ ಕತ್ತರಿಸುತ್ತಿದ್ದ. ಒಂದೊಂದು ಎಳೆತಕ್ಕೂ ರಟ್ಟು ಜಾರುತ್ತಿತ್ತು. ಅವನ ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

ಹಲಗೆ ಕಂಡದ್ದೇ ಅವನ ಮುಖ ಅರಳಿತು. "ಬಂತಾ ನಮ್ಮ ಹಲಗೆ. ಎಲ್ಲಿ ಅಮ್ಮಾ ನಿಮ್ಮ ಯಜಮಾನ್ರು? ಬೆಳಿಗ್ಗೆ ನಾನು ಬಾಗಿಲು ತೆಗೆಯೋಷ್ಟರಲ್ಲಿ ತಂದಿಡ್ತೀನಿ ಅಂದಿದ್ರು. ಹಲಗೆ ಇಲ್ದೆ ಕುಯ್ಕೊಂಡ ಈ ಬೆರಳು ಅವರ ಲೆಕ್ಕಕ್ಕೇ. ಮುಂದಿನ ಸಲ ನನಗೋಸ್ಕರ ಒಂದು ಜಾಸ್ತಿ ನುಡಿಸ್ಬೇಕು ಅಂತ ಹೇಳಿ."

ಉತ್ತರ ಹೇಳಲು ಪಕ್ಕದಲ್ಲಿ ಅತ್ತೆ ಇರಲಿಲ್ಲ.

"ತೀರ್ಕೊಂಡ್ರು" ಎಂದಳು. ದನಿ ಬೇರೆ ಯಾರದ್ದೋ ಎನಿಸಿತು. "ಅವತ್ತು ರಾತ್ರೀನೇ."

ಅವನು ಚಾಕು ಕೆಳಗಿಟ್ಟ. ಕೈಯಲ್ಲಿದ್ದ ಚರ್ಮವನ್ನು ಸುಮ್ಮನೆ ಮಡಚಿದ, ಬಿಚ್ಚಿದ.

ಹಲಗೆಯನ್ನು ತಾನೇ ಇಟ್ಟುಕೊಳ್ಳಲೇ ಎಂದು ಕೇಳಲು ಬಂದಿದ್ದಳು, ಆದರೆ ಕಣ್ಣು ಮತ್ತೆ ಮತ್ತೆ ಅವನ ಹೆಬ್ಬೆರಳಿನ ಕಡೆಗೇ ಹೋಗುತ್ತಿತ್ತು.

"ಇದಕ್ಕೊಂದು ತೂತು ಬಿದ್ದಿದೆ" ಎಂದಳು.

"ಬೀಳ್ಲಿ ಬಿಡಮ್ಮ" ಎಂದ ಅವನು, ಮೆಲ್ಲಗೆ. "ಅದಿರ್ಲಿ."

ತನ್ನ ಬೆರಳು ದಾರಿಯುದ್ದಕ್ಕೂ ಆ ತೂತಿನಲ್ಲೇ ಇತ್ತೆಂದು ಅವಳಿಗೆ ಆಗ ತಿಳಿಯಿತು. ಅದನ್ನು ಹೊರಗೆಳೆದು, ರಟ್ಟನ್ನು ಸರಿಸಿ, ಹಲಗೆಯನ್ನು ಅವನ ತೊಡೆಯ ಮೇಲಿಟ್ಟಳು. ಬೆರಳ ತುದಿಗೆ ಮರದ ಪುಡಿ ಅಂಟಿಕೊಂಡಿತ್ತು.