ಎರಡನೇ ತಿಂಗಳ ರಿಪೋರ್ಟು

ಕುಕನೂರಿನಿಂದ ಬಸ್ಸು ಹಿಡಿದು, ಇಳಿದ ಮೇಲೆ ಎರಡು ಕಿಲೋಮೀಟರ್ ನಡೆದರೆ ದುರುಗೇಶನ ಮನೆ. ಕ್ಷಯರೋಗದ ಮೇಲಿನ ಒಂದು ಸಂಶೋಧನೆಗಾಗಿ ನಾನು ತಿಂಗಳಿಗೊಮ್ಮೆ ಅಲ್ಲಿಗೆ ಹೋಗುತ್ತಿದ್ದೆ. ರೋಗಿಯ ಕಫವನ್ನು ಡಬ್ಬಿಯಲ್ಲಿ ಹಿಡಿದು ಕಳಿಸುವುದು, ತೂಕ ನೋಡುವುದು, ಟ್ಯಾಬಿನಲ್ಲಿ ಪ್ರಶ್ನೆಗಳಿಗೆ ಉತ್ತರ ತುಂಬುವುದು ನನ್ನ ಕೆಲಸ. ಈ ಸಲ ನಾನು ಹೋಗುವ ಹೊತ್ತಿಗೆ ಅವನ ಆರು ತಿಂಗಳ ಔಷಧ ಮುಗಿದಿತ್ತು.

ದುರುಗೇಶ ಹಿತ್ತಲ ತಗಡಿನ ಶೆಡ್ಡಿನ ಮುಂದೆ ಒಬ್ಬನೇ ಕೂತಿದ್ದ.

"ಬರ್ರಿ ಶಮಕ್ಕ. ಊರಾಗ ನನ್ನ ಹುಡುಕ್ಕೊಂಡು ಬರೋರು ನೀವೊಬ್ರ. ಅದೂ ನನ್ನ ಕಫಕ್ಕ!"

"ಇನ್ನ ಅದೂ ಇಲ್ಲ ತಮ್ಮಾ. ಇದು ಕಡೀ ಸಲ."

ಅವನ ನಗು ನಿಂತಿತು. "ಹಂಗಾರ ನಾ ಒಳಗ ಹೋಗೋದು ಯಾವಾಗ್ರಿ?"

"ಒಳಗ ಅಂದ್ರ?"

"ಮನಿಯೊಳಗ್ರಿ. ದೂರ ಇರು, ಕೂಸಿನ್ನ ಮುಟ್ಟಬ್ಯಾಡ ಅಂತ ಮೊದಲ ದಿನ ನೀವ ಹೇಳಿದ್ರಿ. ಸಾಕು ಅಂತನೂ ನೀವ ಹೇಳ್ತೀರಿ ಅಂತ ಕಾಯಾಕತ್ತೀನಿ."

ನಾನು ಟ್ಯಾಬು ತೆರೆದೆ. ಎರಡನೇ ತಿಂಗಳಲ್ಲೇ ಅವನ ಕಫ ಸ್ವಚ್ಛವಾಗಿತ್ತು. ಆಮೇಲಿನ ತಿಂಗಳುಗಳಲ್ಲೂ ಹಾಗೆಯೇ. ಅದನ್ನು ನಾನು ಆಗಲೇ ನೋಡಿದ್ದೆ. ರೋಗಿಗೆ ತಿಳಿಸುವುದು ದವಾಖಾನೆಯವರ ಕೆಲಸ ಎಂದುಕೊಂಡಿದ್ದೆ. ಶಮಾ ತಿಂಗಳಿಗೊಮ್ಮೆ ಮನೆಗೇ ಹೋಗುತ್ತಾಳೆ, ಅವಳೇ ಹೇಳಿರುತ್ತಾಳೆ ಎಂದು ಅವರು ಅಂದುಕೊಂಡಿರಬೇಕು.

'ಇವತ್ತಿಗೆ ವಾಸಿಯಾಯಿತು, ಒಳಗೆ ಹೋಗು' ಎಂದಿದ್ದರೆ ಅವನು ಕೈ ಮುಗಿದು ಕಳಿಸುತ್ತಿದ್ದ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನನ್ನ ಪಟ್ಟಿಯಲ್ಲಿ ಇನ್ನೂ ಹನ್ನೊಂದು ಜನರಿದ್ದರು. ಅವರೆಲ್ಲ ಹೀಗೇ ಕಾಯುತ್ತ ಎಲ್ಲೆಲ್ಲಿ ಕೂತಿದ್ದಾರೋ.

"ದುರುಗೇಶ, ಎರಡನೇ ತಿಂಗಳಿಗೇ ನಿನ್ನ ಕಫದಾಗ ರೋಗದ ಹುಳ ಇದ್ದಿಲ್ಲ. ಆವಾಗಿಂದ ನೀ ಒಳಗ ಇರಬಹುದಿತ್ತು. ನಾ ಹೇಳಲಿಲ್ಲ. ತಪ್ಪು ನಂದ."

ಅವನು ತಿರುಗಿ ಶೆಡ್ಡಿನ ಕಡೆ ನೋಡಿದ.

"ಎಲ್ಲಿ ಮಲಗ್ತಿ ಅಂತ ಪ್ರತಿ ಸಲ ಕೇಳ್ತಿದ್ರಿ. ಶೆಡ್ಡಿನ್ಯಾಗ ಅಂತಿದ್ದೆ. ಬರಕೊಂತಿದ್ರಿ."

"ಹೌದು."

"ಬರಕೊಂಡು ಏನ ಮಾಡ್ತಿದ್ರಿ, ಅಕ್ಕಾ?"

ನಾನು ಟ್ಯಾಬು ಮುಚ್ಚಿಟ್ಟು ಅವನ ಹೆಂಡತಿ ಸುನಿತಾಳನ್ನು ಕರೆದೆ. ರೊಟ್ಟಿ ಹಿಟ್ಟಿನ ಕೈಯಲ್ಲೇ ಹಿತ್ತಲ ಬಾಗಿಲಿಗೆ ಬಂದವಳಿಗೆ ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ.

"ನಾವೇನು ಅವರನ್ನ ಹೊರಗ ಹಾಕಿದ್ವೇನ್ರಿ?" ಎಂದು ಸಿಡಿದಳು. "ಬರ್ರಿ ಅಂದ್ರ ಬರ್ತಿದ್ದಿಲ್ಲ. ಅಕ್ಕಾರು ಹೇಳ್ಬೇಕು, ಅಕ್ಕಾರು ಹೇಳ್ಬೇಕು, ಒಂದ ಹಟ! ಕೂಸು ಅಪ್ಪಾ ಅನ್ನೋದ ಕಲಿತು, ಯಾರಿಗಿ ಅನ್ನಬೇಕಿತ್ರಿ?"

ದುರುಗೇಶ ಎದ್ದು ಕಾಲು ತೊಳೆದುಕೊಂಡು ಒಳಗೆ ಹೋದ. ಆರು ತಿಂಗಳ ಹಿಂದೆ ಅವನು ಶೆಡ್ಡಿಗೆ ಹೋದಾಗ ಮಗಳಿಗೆ ಎಂಟು ತಿಂಗಳು. ಅಂದಿನಿಂದ ಅವಳನ್ನು ಹಿತ್ತಲಿಗೆ ಬಿಟ್ಟಿರಲಿಲ್ಲ. ಈಗ ನಡೆಯುತ್ತಿದ್ದಳು. ಅವನನ್ನು ಕಂಡದ್ದೇ ತಾಯಿಯ ಸೀರೆ ಹಿಡಿದು ಚೀರಿದಳು. ಸುನಿತಾ ಅವಳನ್ನು ಮುಂದಕ್ಕೆ ತಳ್ಳಲು ನೋಡಿದಳು.

"ಬಿಡು, ಅಳಸಬ್ಯಾಡ," ಎಂದ ದುರುಗೇಶ. "ಅದಕ್ಕ ನನ್ನ ಗುರ್ತು ಇಲ್ಲ."

ಗೋಡೆಗೆ ಒರಗಿ ಕೂತ. ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದವನಂತೆ ತೊಡೆಯ ಮೇಲಿಟ್ಟುಕೊಂಡ. ಮಗು ಅಳು ನಿಲ್ಲಿಸಿ ದೂರದಿಂದಲೇ ನೋಡುತ್ತಿತ್ತು.

ನಾನು ರಸ್ತೆಗೆ ಬಂದು ಯಲಬುರ್ಗಾ ಬಸ್ಸು ಹತ್ತಿದೆ. ನನ್ನ ಪಟ್ಟಿಯಲ್ಲಿದ್ದ ಅಲ್ಲಿಯ ಹುಚ್ಚೀರಪ್ಪನ ಕಫ ಮೂರನೇ ತಿಂಗಳಲ್ಲೇ ಸ್ವಚ್ಛ ಬಂದಿತ್ತು. ಅವನ ಮನೆಗೆ ನಾನು ಹೋಗಬೇಕಾಗಿದ್ದದ್ದು ಮುಂದಿನ ವಾರ.