ಏಳು ಉಸಿರಿನ ಪೇಟೆಂಟು

ಕೇತಮ್ಮನ ಕೂಗನ್ನು ಝೆಲ್ವಾ ಎಂಬ ಮೊಬೈಲ್ ಕಂಪನಿ ತನ್ನ ಹೆಸರಿಗೆ ಪೇಟೆಂಟು ಮಾಡಿಸಿಕೊಂಡಿತು. ಕಂಡುಹಿಡಿದವರೆಂದು ಕಾಗದದಲ್ಲಿ ನಾಲ್ವರ ಹೆಸರಿತ್ತು. ಕೇತಮ್ಮನ ಹೆಸರು ಇರಲಿಲ್ಲ.

ಕೇತಮ್ಮನದು ಜೀರಹಳ್ಳಿಯ ಮೇಲಿನ ಸೋಲಿಗರ ಪೋಡು, ಇಪ್ಪತ್ತಾರು ಮನೆಯ ಹಾಡಿ. ಅಲ್ಲಿ ಆನೆ ಕಂಡವರು ಅರಚಿಕೊಂಡು ಓಡುವುದಿಲ್ಲ. ಅದಕ್ಕೊಂದು ಕ್ರಮವಿದೆ. ಮೊದಲು ಕಂಡವರು ಬಂಡೆ ಹತ್ತಿ ಕೂಗಬೇಕು, ಎರಡು ಉದ್ದ, ಒಂದು ಗಿಡ್ಡ. ಕೂಗಿ ಬಾಯಿ ಮುಚ್ಚಿ ಉಸಿರು ಎಣಿಸಬೇಕು. ಏಳು ಉಸಿರಿನೊಳಗೆ ಎದುರು ಗುಡ್ಡದವರು ಅದೇ ಕೂಗನ್ನು ಆಚೆಗೆ ದಾಟಿಸಿದ್ದು ಕಿವಿಗೆ ಬಿದ್ದರೆ ಸುಮ್ಮನಾಗಬೇಕು. ಬೀಳದಿದ್ದರೆ ಮತ್ತೆ ಕೂಗಬೇಕು. ಕೇಳಿಸಿತು ಎಂದು ಯಾರೂ ತಿರುಗಿ ಹೇಳುವುದಿಲ್ಲ. ದಾಟಿಸಿದ್ದೇ ಕೇಳಿಸಿಕೊಂಡದ್ದಕ್ಕೆ ಗುರುತು. ಹೀಗೆ ನಾಲ್ಕು ಗುಡ್ಡ ಹಾಯ್ದು ಸುದ್ದಿ ಕೆಳಗಿನ ರಾಗಿ ಹೊಲಗಳಿಗೆ ಮುಟ್ಟುತ್ತದೆ.

ಆನೆ ಕಾಡಿಗೆ ಮರಳಿದ ಮೇಲೆ ಇಳಿಗೂಗು, ಅಪಾಯ ಕಳೆಯಿತು ಎಂಬ ಕೂಗು. ಅದನ್ನು ಕಂಡಕಂಡವರು ಕೂಗುವಂತಿಲ್ಲ. ಮೊದಲು ಕೂಗಿದವರು ಯಾರೋ ಅವರೇ, ಆನೆಯ ಬೆನ್ನು ಕಾಡಿನೊಳಗೆ ಕರಗಿದ್ದನ್ನು ಕಣ್ಣಾರೆ ಕಂಡು ಕೂಗಬೇಕು. ಮಳೆ ಬಂತೆಂದೋ ಮುದ್ದೆ ಆರಿತೆಂದೋ ಸುಳ್ಳು ಇಳಿಗೂಗು ಹಾಕಿದವರ ಕೂಗಿಗೆ ಆಮೇಲೆ ಗುಡ್ಡದಲ್ಲಿ ಕಿವಿಯೇ ಇರುವುದಿಲ್ಲ.

ಇದನ್ನೆಲ್ಲ ಕಲಿತುಕೊಂಡು ಹೋದವಳು ಮೇಘ ಎಂಬ ಝೆಲ್ವಾದ ಇಂಜಿನಿಯರು. ಮೂರು ವರ್ಷದ ಹಿಂದೆ ಬಂದು ಹತ್ತು ದಿನ ಕೇತಮ್ಮನ ಮನೆಯಲ್ಲೇ ಇದ್ದಳು. ಅವರೆಕಾಳಿನ ಸಾರು ಉಂಡಳು, ಜೇನು ನೆಕ್ಕಿದಳು, ಕೇತಮ್ಮ ಕೂಗಿದಾಗಲೆಲ್ಲ ಕೈಯಲ್ಲೊಂದು ಗಡಿಯಾರ ಒತ್ತಿಕೊಂಡಳು. ಹೊರಡುವ ದಿನ, ಫೋಟೊ ತೆಗೆದದ್ದಕ್ಕೆ ಒಪ್ಪಿಗೆ ಎಂದು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಳು. ಕೇತಮ್ಮನಿಗೆ ಸಹಿ ಬರುತ್ತಿತ್ತು. ಬರುತ್ತದೆಯೇ ಎಂದು ಮೇಘ ಕೇಳಲಿಲ್ಲ.

ಮರುವರ್ಷ ಝೆಲ್ವಾ ಫೋನಿನಲ್ಲಿ ಹೊಸದೊಂದು ಬಂತು. ಟವರ್ ಸಿಗದ ಕಡೆ ಒಂದು ಫೋನು ಅಪಾಯದ ಸುದ್ದಿ ಹೊರಡಿಸಿದರೆ ಹತ್ತಿರದ ಫೋನು ಹಿಡಿದು ಮುಂದಿನದಕ್ಕೆ ದಾಟಿಸುತ್ತದೆ. ದಾಟಿದ್ದು ಕೇಳಿಸಿದರೆ ಮೊದಲಿನದು ಸುಮ್ಮನಾಗುತ್ತದೆ. ಅದರ ಎದುರಾಳಿ ಅರುಣಿಕ ಎಂಬ ಕಂಪನಿ ಅದನ್ನೇ ಅಗ್ಗದ ಫೋನಿಗೆ ಹಾಕಿ ಮಾರಿತು. ತಮಿಳುನಾಡಿನ ಗಡಿಯ ತಾಳವಾಡಿ ಸುತ್ತಿನ ಹೊಲ ಕಾಯುವವರೆಲ್ಲ ಅರುಣಿಕ ಕೊಂಡರು. ಬಂಡೆ ಹತ್ತಲಾರದ ಮುದುಕರೂ ಅಟ್ಟಣೆಯ ಮೇಲೆ ಕೂತೇ ಸುದ್ದಿ ದಾಟಿಸಿದರು. ಝೆಲ್ವಾ ಚೆನ್ನೈನ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. ಒಂದು ಬೆಳಿಗ್ಗೆ ಅರುಣಿಕ ಫೋನುಗಳು ತಾವಾಗಿಯೇ ಆರಿ ಮತ್ತೆ ಬೆಳಗಿದವು. ನೋಡಿದರೆ ಕೂಗು ಮಾಯ.

ಆಗ ಪೇಟೆಂಟಿನ ಪ್ರತಿ ಹಿಡಿದು ಪೋಡಿಗೆ ಬಂದವನು ಮಧುಕುಮಾರ್. ಜೀರಹಳ್ಳಿಯ ನಂಜಯ್ಯನವರ ಮಗ, ಸತ್ಯಮಂಗಲದಲ್ಲಿ ವಕೀಲ. ಈ ಕಡೆಯ ಮಾತು ಬಲ್ಲವನೆಂದು ಅರುಣಿಕದ ಚೆನ್ನೈ ವಕೀಲರು ಅವನನ್ನು ಹಿಡಿದಿದ್ದರು. ಕೇತಮ್ಮನ ಅಪ್ಪ ಇವನ ತಾತನಿಗೆ 'ಬುದ್ಧಿ' ಎನ್ನುತ್ತಿದ್ದ. ಕೇತಮ್ಮ 'ವಕೀಲಪ್ಪ' ಎಂದಳು. ಅಷ್ಟು ಸಾಲದೆಂದು ಅವನ ಮುಖ ಹೇಳಿತು. ಅವಳಿಗೆ ಅದು ಧಾರಾಳವಾಗಿತ್ತು.

ಕಾಗದ ಓದುತ್ತ ಹೋದವನು ಒಂದು ಕಡೆ ನಿಂತ. "ಇದೊಂದು ನಮ್ ಕಡೆ ಇಂಜಿನಿಯರ್‌ಗಳಿಗೂ ಅರ್ಥ ಆಗಿಲ್ಲ, ಕೇತವ್ವ. ಫೋನು ಸುದ್ದಿ ಕಳಿಸಿ ಇಪ್ಪತ್ತೊಂದು ಸೆಕೆಂಡು ಕಾಯ್ಬೇಕಂತೆ. ಮಿಷನ್ನಿಗೆ ಅರ್ಧ ಸೆಕೆಂಡು ಸಾಕು. ಇಪ್ಪತ್ತೊಂದು ಎಲ್ಲಿಂದ ಬಂತೋ."

ಕೇತಮ್ಮನ ಮಗಳು ಮಂಗಳ ತಾಳವಾಡಿಯ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಊರಿನವರ ಅರ್ಜಿ, ಪತ್ರಗಳನ್ನೆಲ್ಲ ಓದಿ ಹೇಳುವವಳು ಅವಳೇ. ಅವಳು ತನ್ನ ಫೋನಿನ ಗಡಿಯಾರ ತೆರೆದು, "ಅವ್ವ, ಉಸುರು ಎಣ್ಸು" ಎಂದಳು.

ಕೇತಮ್ಮ ಬೆರಳು ಮಡಚುತ್ತ ಉಸಿರಾಡಿದಳು. ಏಳನೆಯ ಬೆರಳು ಮಡಚಿದಾಗ ಮಂಗಳ ಫೋನನ್ನು ವಕೀಲನ ಕಡೆ ತಿರುಗಿಸಿದಳು. ಇಪ್ಪತ್ತೊಂದು.

"ಏಳೇ ಉಸಿರು ಯಾಕೆ?" ಎಂದ ಮಧುಕುಮಾರ್. ಅವನ ದನಿ ಸಣ್ಣಗಾಗಿತ್ತು.

"ಇವನ್ ಕಾಲ್ನ ಕೇಳು," ಎಂದು ಕೇತಮ್ಮ ಜಗಲಿಯ ಮೇಲೆ ಕೂತಿದ್ದ ತಮ್ಮ ಮರಿಯನ ಕಡೆ ಗಲ್ಲ ಎತ್ತಿದಳು. "ನಮ್ಮಪ್ಪನ ಕಾಲ್ದಲ್ಲಿ ನಾಕೇ ಉಸುರು. ಎದುರ್ ಗುಡ್ಡದಲ್ಲಿ ಇರೋನು ಇವನು. ಜೇನ್ ಕೀಳಕ್ಕೋಗಿ ಬಿದ್ದು ಕಾಲ್ ಮುರ್ಕೊಂಡ. ಗುಡ್ಲಿಂದ ಬಂಡೆತಾವ್ಕ ಕುಂಟ್ಕೊಂಡು ಬರ್ಬೇಕಲ್ಲ, ಅದ್ಕ ಏಳ್ ಮಾಡುದ್ವಿ."

ಮರಿಯ ತನ್ನ ಮೊಣಕಾಲನ್ನು ಹೊಸದಾಗಿ ನೋಡಿದ. "ಅಂಗಾದ್ರ ಡೆಲ್ಲಿಲಿರೋ ಫೋನೂ ನಂಗೋಸ್ಕರ ಕಾಯ್ತದಾ, ಅಕ್ಕ?"

"ಕಾಯ್ತದೆ ಕಣ್ಲಾ. ನಿನ್ ಎಂಡ್ರೇ ಅಷ್ಟೊತ್ತು ಕಾಯಕಿಲ್ಲ."

ಪೋಡೆಲ್ಲ ನಕ್ಕಿತು. ವಕೀಲನೂ ನಕ್ಕ. ನಗುತ್ತಲೇ ಅವನಿಗೆ ತಿಳಿಯಿತು, ಕಳ್ಳ ಸಿಕ್ಕಿದ್ದಾನೆ ಎಂದು. ಮನೆ ಬಾಚಿಕೊಂಡು ಹೋದವನು ಮನೆಯವರ ಕುಂಟುಗಾಲನ್ನೂ ಹೊತ್ತೊಯ್ದಿದ್ದ. ಜನರ ನಡುವೆ ಮೊದಲೇ ಇರುವ ಅರಿವಿಗೆ ಪೇಟೆಂಟಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಕೇತಮ್ಮನ ಮಾತನ್ನು ಅವನು ಪ್ರಮಾಣಪತ್ರ ಮಾಡಿದ. ಮಂಗಳ ಮೂರು ಸಲ ಓದಿ ಹೇಳಿದಳು. ಕೇತಮ್ಮ ಒಂದು ಕಡೆ ತಿದ್ದಿಸಿದಳು. 'ಅಂದಾಜು ಏಳು' ಎಂದಿದ್ದದ್ದನ್ನು 'ಏಳು' ಮಾಡಿಸಿದಳು. ಆಮೇಲೆ ದೀರ್ಘ, ಒತ್ತುಗಳನ್ನೆಲ್ಲ ನಿಧಾನ ಇಟ್ಟು 'ಕೇತಮ್ಮ' ಎಂದು ಬರೆದಳು. ಆ ಕಾಗದ ಚೆನ್ನೈನ ಕೋರ್ಟು ಸೇರಿತು.

ಅದೆಲ್ಲ ಹೋದ ವರ್ಷದ ಮಾತು. ಈಗ ಸೀಗೆಕಾಯಿಯ ಕಾಲ. ಕೇತಮ್ಮ ಅಂಗಳದ ಬಿಸಿಲಿಗೆ ಕಾಯಿ ಹರವುತ್ತಿದ್ದಾಗ ಮಧುಕುಮಾರ್ ಮತ್ತೆ ಬಂದ. ಈ ಸಲ ಚೀಲ ದಪ್ಪಗಿತ್ತು. ಕೂರುವ ಮೊದಲೇ, "ರಾಜಿ ಆಗೋಯ್ತು, ಕೇತವ್ವ" ಎಂದ.

"ಯಾರ್ಯಾರ್ಗ?"

"ಎರಡೂ ಕಂಪ್ನಿಗೂ. ಝೆಲ್ವಾದ ಈ ಪೇಟೆಂಟನ್ನ ಅರುಣಿಕ ಬಳಸ್ಕೊಳ್ತದೆ, ಅರುಣಿಕದ ಕ್ಯಾಮೆರಾ ಪೇಟೆಂಟನ್ನ ಝೆಲ್ವಾ ಬಳಸ್ಕೊಳ್ತದೆ. ಕೇಸು ಮುಗೀತು. ನೀವಿನ್ನು ಚೆನ್ನೈಗೆ ಬರೋ ತೊಂದ್ರೆನೂ ಇಲ್ಲ."

"ಒಲ ಕಾಯೋರ ಫೋನ್ಗ ಕೂಗು ಬತ್ತದಾ?"

ಅವನು ಸೀಗೆಕಾಯಿ ನೋಡಿದ. "ಅದು... ಇನ್ಮೇಲೆ ದುಬಾರಿ ಫೋನಲ್ಲಿ ಮಾತ್ರ ಇರ್ತದೆ."

ರಜೆಯೆಂದು ಮನೆಯಲ್ಲಿದ್ದ ಮಂಗಳ ಮೊರ ಕೆಳಗಿಟ್ಟಳು. "ಇನ್ನೊಂದು ಕಂಪ್ನಿ ಅಗ್ಗಕ್ಕೆ ಮಾಡ್ಕೊಟ್ರೆ, ಸಾರ್?"

"ಮಾಡಂಗಿಲ್ಲ. ಪೇಟೆಂಟು ಇದ್ಯಲ್ಲ. ಇಬ್ರೂ ಸೇರಿ ಅವ್ರ ಮೇಲೆ ಹೋಗ್ತಾರೆ."

"ನಮ್ಮವ್ವನ ಕಾಗದ ಕೋರ್ಟಲ್ಲಿ ಅಂಗೇ ಇದ್ರೆ? ಆ ಮೂರ್ನೇರು ಅದ್ನೇ ತೋರ್ಸಿ ಪೇಟೆಂಟು ಕಿತ್ತಾಕ್ಸ್‌ಬೋದಲ್ವಾ?"

ಮಧುಕುಮಾರ್ ಚೀಲದಿಂದ ಒಂದು ಹಾಳೆ ತೆಗೆದ. ಹೇಳಿದ್ದಕ್ಕಿಂತ ಅದೇ ಹೆಚ್ಚು ಹೇಳಿತು. ಎರಡು ಗೂಳಿ ಕಾದಾಡುವಾಗ ಹುಲ್ಲು ತುಳಿದದ್ದಾಯಿತು. ಈಗ ಎರಡೂ ಒಂದೇ ಕೊಟ್ಟಿಗೆ ಸೇರಿ, ಹುಲ್ಲೂ ತಮ್ಮದು ಎನ್ನುತ್ತಿದ್ದವು.

ಮಂಗಳ ಹಾಳೆ ತೆಗೆದುಕೊಂಡು ಎಲ್ಲರಿಗೂ ಕೇಳುವಂತೆ ಓದಿದಳು. "'ನಾನು ಓದುಬರಹ ಬಾರದವಳು. ಹಿಂದಿನ ಪ್ರಮಾಣಪತ್ರದಲ್ಲಿ ಏನಿದೆ ಎಂದು ತಿಳಿಯದೆ ಒಪ್ಪಿದ್ದೆ. ಏಳು ಉಸಿರು ಕಾಯುವ ಕ್ರಮವನ್ನು ಇಂಜಿನಿಯರ್ ಮೇಘ ಅವರು ನಮಗೆ ಕಲಿಸಿಕೊಟ್ಟರು.'"

ಕೇತಮ್ಮ ಕೈಯಲ್ಲಿದ್ದ ಕಾಯಿಯನ್ನು ಮುರಿದು ಬೀಜ ಕೊಡವಿದಳು. "ಕಲ್ಸುದ್ಲಾ? ಅಂಗಾದ್ರ ಮರಿಯನ ಕಾಲ್ನೂ ಆ ಎಣ್ಮಗಳೇ ಮುರುದ್ಲಾ?"

"ಕೇತವ್ವ, ಇದೊಂದು ರೂಢಿ ಕಾಗದ. ರಾಜಿ ಆದ್ಮೇಲೆ ಹಳೇ ಮಾತು ವಾಪಸ್ ತಗೋಳೋದು ಎಲ್ಲಾ ಕೇಸಲ್ಲೂ ಇರ್ತದೆ."

"ಕೇಸು ನಿಮ್ದು. ಮಾತು ನಂದು."

"ಸುಮ್ನೆ ಅಲ್ಲ. ಪೋಡಿನ ಇಪ್ಪತ್ತಾರು ಮನೆಗೂ ಒಂದೊಂದು ಫೋನು ಕೊಡ್ತಾರೆ. ದುಬಾರಿ ಫೋನು. ಕೂಗು ಇರೋದು."

"ನಮ್ ಕೂಗ ನಮ್ಗೇ ಇನಾಮ್ ಕೊಡ್ತಾರಾ?" ಎಂದಳು ಕೇತಮ್ಮ. "ಕೆಳ್ಗಳ ಒಲ್ದೋರು ಯಾವ್ದ್ರಲ್ಲಿ ಕೇಳ್ಬೇಕು ಅದ್ನ? ನಾ ಕೂಗಿ, ಕೇಳೋರೇ ಇಲ್ದಿದ್ರ ಅದು ಕೂಗಾ?"

ವಕೀಲ ಬೆವರು ಒರೆಸಿಕೊಂಡ. ಬಂದಾಗಿನ 'ನೀವು' ಬೆವರಿನ ಜೊತೆಗೇ ಹೋಯಿತು. "ನೋಡು ಕೇತಮ್ಮ, ನೀನು ಒಪ್ಪದಿದ್ರೆ ನಾಳೆ ಆ ಕಾಗದದ ಹಿಂದೆ ಯಾರೂ ಇರಲ್ಲ. ಅರುಣಿಕ ಇರಲ್ಲ, ನಾನೂ ಇರಲ್ಲ. ಝೆಲ್ವಾ ವಕೀಲ್ರು ಕಟಕಟೆಗೆ ಕರೆಸಿ ಸುಳ್ಳು ಸಾಕ್ಷಿ ಅಂತ ನಿನ್ನ ಹಿಂಡ್ತಾರೆ. ಒಬ್ಳೇ ಏನ್ ಹೇಳ್ತೀಯ ಅಲ್ಲಿ?"

"ಏಳಾದೇನ್ ಬಂತು, ಕೂಗ್ತೀನಿ. ಆಮೇಲ ಏಳುಸುರು ಕಾಯ್ತೀನಿ. ಜಡ್ಜೂ ಗಡಿಯಾರ ನೋಡ್ಲಿ."

ಮಂಗಳ ನಗು ತಡೆದುಕೊಳ್ಳಲಿಲ್ಲ.

"ನಮ್ಮಪ್ಪನೂ ಹೇಳಿ ಕಳಿಸವ್ರೆ," ಎಂದ ಮಧುಕುಮಾರ್, ಕೊನೆಯ ಬಾಣವೆಂಬಂತೆ. "ಒತ್ಕೊಡು ಅಂತ."

ಕೇತಮ್ಮ ಸೀಗೆ ಬಿಟ್ಟು ಎದ್ದು ನಿಂತಳು. ನಂಜಯ್ಯನ ಹೊಲ ಅಲ್ಲಿಂದಲೇ ಕಾಣುತ್ತಿತ್ತು. ಕಾಡಂಚಿಗೆ ಅಂಟಿಕೊಂಡ ಕೊಯ್ಲಾದ ಕೂಳೆ, ಮೂಲೆಯಲ್ಲಿ ಖಾಲಿ ಅಟ್ಟಣೆ. "ಆ ಒಲ ತುಂಬ ರಾಗಿ ನಿಂತಿದ್ದಾಗ ನಾಕ್ ಸಲ ಆನೆ ಇಳೀತು. ನಾಕ್ ಸಲನೂ ಕೂಗಿದ್ದು ನಾನು, ದಾಟ್ಸಿದ್ದು ಮರಿಯ. ನಿಮ್ಮಪ್ಪನ ಕೈಲಿರೋದು ಅರುಣಿಕ ಫೋನು, ಅದು ಬಾಯ್ ಮುಚ್ಕೊಂಡಿತ್ತು. ಇದ್ನೂ ಓಗಿ ಅವ್ರ್ಗ ಏಳು. ಕೇಳ್ಕೊಂಡ್ಮೇಲೂ ಒತ್ತು ಅಂದ್ರ, ಅವ್ರೇ ಇಲ್ಗಂಟ ಅತ್ಕೊಂಡ್ ಬರ್ಲಿ."

ಮಧುಕುಮಾರ್ ಹೊಲದ ಕಡೆ ನೋಡಲಿಲ್ಲ. ನೋಡಿದ್ದರೆ ಎದ್ದು ಹೋಗುತ್ತಿದ್ದನೇನೋ. ಹಾಳೆಯನ್ನು ಜಗಲಿಯ ಮೇಲೆ ಹರವಿ, ಗಾಳಿಗೆ ಹಾರದಂತೆ ಒಂದು ಕಲ್ಲಿಟ್ಟ. ಚೀಲದಿಂದ ಶಾಯಿಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಪೆನ್ನು ಅವನ ಜೇಬಿನಲ್ಲೇ ಇತ್ತು. ಹಾಳೆಯಲ್ಲಿ ಅವಳು ಓದುಬರಹ ಬಾರದವಳು. ಹಾಳೆಯ ಮಾತು ಸುಳ್ಳಾಗದಿರಬೇಕಾದರೆ ಬೇಕಾದದ್ದು ಅವಳ ಹೆಬ್ಬೆಟ್ಟು, ಹೆಸರಲ್ಲ.

"ಒತ್ತು, ಕೇತಮ್ಮ. ಮುಗಿಸ್ಬುಡು."

ಅವಳು ಶಾಯಿಡಬ್ಬಿಯನ್ನು ನೋಡಿದಳು. ಮೇಘ ತಂದಿದ್ದೂ ಇಂಥದ್ದೇ, ನೇರಳೆ ಬಣ್ಣದ್ದು. ಬೆರಳಿನಿಂದ ಹೋಗಲು ನಾಲ್ಕು ದಿನ ಹಿಡಿದಿತ್ತು. ಅಂದು ಓದಿಸಿ ಕೇಳದೆ ಒತ್ತಿದ್ದಳು. ಇಂದು ಕೇಳಿಸಿಕೊಂಡಿದ್ದಾಳೆ. ಕೇಳಿಸಿಕೊಂಡವರು ದಾಟಿಸಬೇಕು, ನುಂಗಬಾರದು. ಅವಳಪ್ಪ ಬಂಡೆಯ ಮೇಲೆ ನಿಲ್ಲಿಸಿ ಮೊದಲು ಕಲಿಸಿದ್ದು ಅದನ್ನೇ.

"ಮೊದ್ಲು ಕೂಗಿದೋಳು ನಾನು," ಎಂದಳು ಕೇತಮ್ಮ. "ಇಳಿಗೂಗೂ ನಾನೇ ಕೂಗ್ಬೇಕು, ಅದು ನಿಜ. ಆದ್ರ ಆನೆ ಕಾಡ್ಗ ಓಗಿಲ್ಲ, ವಕೀಲಪ್ಪ. ಇನ್ನೂ ಒಲ್ದೊಳ್ಗೇ ನಿಂತದೆ. ಒಂದಿತ್ತು, ಈಗ ಎರಡಾಗವೆ."

ಡಬ್ಬಿಯ ಮುಚ್ಚಳ ಹಾಕಿ, ಸೆರಗಿನಲ್ಲಿ ಒರೆಸಿ, ಅವನ ಚೀಲದೊಳಗೆ ತಾನೇ ಇಟ್ಟಳು.

"ನಾ ಒತ್ತಕಿಲ್ಲ."