ನೀರು ಬೇಡುವ ಗಾಡಿ

ಆ ಎಸ್‌ಯುವಿ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲೇ ವಾಟರ್ ಪಂಪು ಹೋಗಿತ್ತು, ಬೆಲ್ಟು ಹರಿದಿತ್ತು, ರೇಡಿಯೇಟರನ್ನು ಎರಡು ಸಲ ಬಿಚ್ಚಿ ಕಟ್ಟಿದ್ದಾಗಿತ್ತು. ಹಳೆಯದೆಂದು ಗೊತ್ತಿದ್ದೇ ಬಡಗಿ ಅದನ್ನು ಕೊಂಡಿದ್ದ. ಹಿಂದಿನ ಸೀಟು ಮಡಚಿದರೆ ಹೆಂಡತಿ ಕಾಲು ಚಾಚಿ ಮಲಗಬಹುದಿತ್ತು. ವಾರಕ್ಕೆ ಮೂರು ದಿನ ಗುಡ್ಡ ದಾಟಿ ಡಯಾಲಿಸಿಸ್‌ಗೆ ಹೋಗಬೇಕಾದವಳಿಗೆ ಅದೇ ದೇವರ ಕರುಣೆ. ಗಾಡಿ ಹುಡುಕಿಕೊಟ್ಟವನು ಅವಳ ತಮ್ಮ, ಮೆಕ್ಯಾನಿಕ್. ರಿಪೇರಿ ಮಾಡುವವನೂ ಅವನೇ.

ಮೊನ್ನೆ ಗಾಡಿ ಕೆಟ್ಟು ಒಂದು ಸರದಿ ತಪ್ಪಿತ್ತು. ಅವಳ ಕಾಲು ಊದಿ, ಮೇಲುಸಿರು ಹತ್ತಿತ್ತು. ಇವತ್ತೂ ಹನ್ನೊಂದರೊಳಗೆ ಬರದಿದ್ದರೆ ಜೀವಕ್ಕೇ ಕುತ್ತು ಬರುತ್ತದೆ ಎಂದು ನರ್ಸ್ ಫೋನಿನಲ್ಲಿ ಹೇಳಿದ್ದಳು.

ದೇವರಿಗೆ ಕೈ ಮುಗಿದು, ಬಾನೆಟ್ಟಿಗೂ ಕೈ ಮುಗಿದು ಹೊರಟರು. ಬಡಗಿ ಸ್ಟೀರಿಂಗ್ ಹಿಡಿದಿದ್ದ, ತಮ್ಮ ಪಕ್ಕದಲ್ಲಿ ಕುಳಿತಿದ್ದ. ಎಂಜಿನ್ನಿನ ಬಿಸಿ ಎಳೆದುಕೊಳ್ಳಲೆಂದು ಉರಿಬಿಸಿಲಿನಲ್ಲೂ ಒಳಗಿನ ಹೀಟರ್ ಪೂರ್ತಿ ಹಾಕಿದ್ದರು. ಅದು ತಮ್ಮನ ಉಪಾಯ.

"ಆಸ್ಪತ್ರೆಗೆ ಕರ್ಕೊಂಡ್ ಹೋಗ್ತಿದ್ದೀರೋ, ಒಲೆ ಮೇಲೆ ಇಟ್ಟಿದ್ದೀರೋ?" ಎಂದಳು ಹಿಂದೆ ಮಲಗಿದ್ದ ಹೆಂಡತಿ.

"ಸ್ವಲ್ಪ ತಡ್ಕೊ ಅಕ್ಕ. ಗಾಡಿಗೆ ಜ್ವರ."

"ನೀನು ತಂದ ದಿನದಿಂದ ಅದಕ್ಕೆ ಜ್ವರ ಬಿಟ್ಟಿದ್ದು ಯಾವಾಗಲೋ?"

ಏರಿನ ಅರ್ಧದಲ್ಲಿ ಬಾನೆಟ್ಟಿನಿಂದ ಹಬೆ ಎದ್ದಿತು. ನಿಲ್ಲಿಸಿದರು. ತಮ್ಮ ಆಂಬುಲೆನ್ಸಿಗೆ ಫೋನ್ ಮಾಡಿದ. ಎರಡು ಗಂಟೆ ಬೇಕೆಂದರು. ಎಂಜಿನ್ ಆರುವ ತನಕ ಕಾದು, ಬಟ್ಟೆ ಸುತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಜೊತೆಗೆ ತಂದಿದ್ದ ಎರಡು ಕ್ಯಾನುಗಳಲ್ಲಿ ಮೊದಲನೆಯದರ ನೀರನ್ನು ಬಡಗಿ ಹುಯ್ದ. ಗಾಡಿ ಗಟಗಟನೆ ಕುಡಿಯಿತು.

ಹಿಂದೆ ಮಲಗಿದ್ದವಳಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ನೀರು ಕೂಡದು. ಎರಡು ವರ್ಷದಿಂದ ವ್ರತದಂತೆ ಬಾಟಲಿಯ ಮುಚ್ಚಳದಲ್ಲಿ ಅಳೆದು ಕುಡಿಯುತ್ತಿದ್ದಳು.

ಬಡಗಿ ಎರಡನೆಯ ಕ್ಯಾನಿಗೆಂದು ಹಿಂದಿನ ಬಾಗಿಲಿಗೆ ಬಂದ. ಎತ್ತಿದರೆ ಕೈಗೆ ಹಗುರ. ಅವಳ ಎದೆಯ ಮೇಲಿನ ಬಟ್ಟೆಯೆಲ್ಲ ಒದ್ದೆ.

"ಎಷ್ಟು ಕುಡಿದೆ?"

"ಗೊತ್ತಿಲ್ಲ ರೀ. ಅದಕ್ಕೆ ಹುಯ್ಯೋ ಸದ್ದು ಕೇಳ್ತಿತ್ತು... ತಡ್ಕೊಳ್ಳೋಕಾಗ್ಲಿಲ್ಲ." ಕಣ್ಣು ತಗ್ಗಿಸಿದಳು. "ಅರ್ಧ ಚೆಲ್ಲಿಹೋಯ್ತು. ಬೈಬೇಡಿ."

ಅವನು ಖಾಲಿ ಕ್ಯಾನನ್ನು ಕೆಳಗಿಟ್ಟ. ದೇಹದ ಬಾಯಾರಿಕೆಯನ್ನು ಹುಟ್ಟಿಸಿದ ದೇವರಿಗೇ ಅದರ ಬಲ ಗೊತ್ತು. ಅವನು ರಸ್ತೆಯ ಅಂಚಿನಲ್ಲಿ ಕುಸಿದು ಕುಳಿತ.

ತಮ್ಮ ಎಂಜಿನ್ ಎಣ್ಣೆಯ ಮುಚ್ಚಳ ಹಿಡಿದು ಬಂದ. ಅದರ ಒಳಮೈಗೆ ಹಾಲು ಬೆರೆತಂಥ ಕಂದು ನೊರೆ ಮೆತ್ತಿತ್ತು. "ಭಾವ, ಏಳಿ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಣ್ಣೆಗೆ ನೀರು ಸೇರ್ಕೊಂಡಿದೆ. ಇನ್ನು ಓಡಿಸಿದ್ರೆ ಎಂಜಿನ್ ಬಿಗಿದು ಹಿಡ್ಕೊಳ್ಳುತ್ತೆ. ಆಮೇಲೆ ಗುಜರಿಗೇ."

"ಆಸ್ಪತ್ರೆ ಮುಟ್ಟುತ್ತಾ?"

"ಏರು ಹತ್ತಿಬಿಟ್ರೆ ಆಮೇಲೆ ಪೂರ್ತಿ ಇಳಿಜಾರು."

"ಹಾಗಾದ್ರೆ ಗಾಡಿ ಸಾಯಲಿ. ಹತ್ತು."

ಗಾಡಿ ನರಳುತ್ತ ಏರಿತು. ಒಳಗೆ ಯಾರೋ ಸುತ್ತಿಗೆಯಲ್ಲಿ ಬಡಿದಂತೆ ಸದ್ದು ಶುರುವಾಯಿತು. ಬಡಗಿಯ ತುಟಿಯಲ್ಲಿ ದೇವರ ಹೆಸರು ಸದ್ದಿಲ್ಲದೆ ಓಡುತ್ತಿತ್ತು. ನೆತ್ತಿ ದಾಟಿದ್ದೇ ತಡ, ಲೋಹ ಕಿರುಚಿದಂಥ ಸದ್ದಾಗಿ ಎಂಜಿನ್ ನಿಂತುಹೋಯಿತು.

"ನ್ಯೂಟ್ರಲ್‌ಗೆ ಹಾಕಿ ಭಾವ! ಕೀ ಮುಟ್ಟಬೇಡಿ!"

ಎಂಜಿನ್ ನಿಂತದ್ದೇ ಸ್ಟೀರಿಂಗ್ ಕಲ್ಲಿನಂತೆ ಭಾರವಾಗಿತ್ತು, ಬ್ರೇಕ್ ಪೆಡಲು ಗಟ್ಟಿಯಾಗಿತ್ತು. ಬಡಗಿ ಎರಡೂ ಕಾಲಲ್ಲಿ ತುಳಿಯುತ್ತ, ತಮ್ಮ ಹ್ಯಾಂಡ್‌ಬ್ರೇಕ್ ಎಳೆದೆಳೆದು ಬಿಡುತ್ತ, ಉರುಳುತ್ತಲೇ ಇಳಿದರು. ಆಸ್ಪತ್ರೆಯ ಕಾಂಪೌಂಡಿಗೆ ಉಜ್ಜಿಕೊಂಡು ಗಾಡಿ ನಿಂತಾಗ ಹನ್ನೊಂದಕ್ಕೆ ಐದು ನಿಮಿಷವಿತ್ತು.

ನರ್ಸ್ ಗಾಲಿಕುರ್ಚಿ ತಂದಳು. ಕುಡಿದ ನೀರಿನ ವಿಷಯವನ್ನು ಬಡಗಿಯೇ ಹೇಳಿದ. "ಬಂದ್ರಲ್ಲ, ಇವತ್ತು ಆ ನೀರನ್ನ ಹೇಗೋ ತೆಗೀತೀವಿ," ಎಂದು ಅವಳು ಅವಸರದಿಂದ ಕುರ್ಚಿ ತಿರುಗಿಸಿದಳು.

ಬಾಗಿಲ ಬಳಿ ಹೆಂಡತಿ ಕತ್ತು ಹೊರಳಿಸಿದಳು. "ನಾಳಿದ್ದು ಹೆಂಗ್ರೀ?"

ದೇವರಿದ್ದಾನೆ ಎನ್ನುವುದು ಅವನ ಎಂದಿನ ಉತ್ತರ. ಇವತ್ತು ಅದನ್ನು ಬಿಟ್ಟು ಅವಳ ಒದ್ದೆ ಸೆರಗನ್ನು ಸರಿಪಡಿಸಿದ. ಬಾಗಿಲು ಮುಚ್ಚಿಕೊಂಡಿತು.

ಹೊರಗೆ ಅವಳ ತಮ್ಮ ಸ್ಪ್ಯಾನರಿನ ಚೀಲ ಬಿಚ್ಚಿದ್ದ. ಮಾಡುವುದಕ್ಕೆ ಏನೂ ಉಳಿದಿಲ್ಲವೆಂದು ಅವನಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ಬಾನೆಟ್ ಎತ್ತಿದ.